ಗುಂಗುರು ಕೂದಲಿಗೆ ಎಣ್ಣೆ ಮೊದಲು, ನೀರು ಆಮೇಲೆ



ಈ ಅಂಕಣದಲ್ಲಿ ಅಡುಗೆ, ಮನೆಮದ್ದು, ಮಕ್ಕಳ ಲಾಲನೆ-ಪಾಲನೆ ಮುಂತಾದ ವಿಷಯಗಳನ್ನು ಕುರಿತು ಬರೆಯುತ್ತ ಬಂದಿದ್ದೇವೆ. ಈ ಸಲ ತಲೆಗೂದಲಿನ, ಅದರಲ್ಲಿಯೂ ಗುಂಗುರು ಕೂದಲಿನ ವಿಷಯವನ್ನು ಎತ್ತಿಕೊಂಡಿದ್ದೇವೆ. ಇದೇನು ಅಂಥ ಮಹತ್ವದ ಸಂಗತಿ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಗುಂಗುರು ಕೂದಲಿನ ಹೆಣ್ಣುಮಗುವಿರುವ ಮನೆಯಲ್ಲಿ ತಲೆಸ್ನಾನದ ದಿನ ಏನು ನಡೆಯುತ್ತದೆಂಬುದನ್ನು ಬಲ್ಲ ತಾಯಂದಿರು ಹಾಗೆ ಹೇಳಲಾರರು.

ನಮ್ಮ ಮನೆಯ ಮಾತನ್ನೇ ಹೇಳುತ್ತೇವೆ. ನಮಗೆ ಇಬ್ಬರು ಮೊಮ್ಮಕ್ಕಳು. ಹಿರಿಯಳ ಕೂದಲು ನೇರ. ಕಿರಿಯಳದು ಬಿಗಿಯಾದ ಗುಂಗುರು. ಸೋಮವಾರ ಬೆಳಿಗ್ಗೆ ಎಲ್ಲರೂ ತಲೆಸ್ನಾನ ಮಾಡಿ ಪೂಜೆಗೆ ಕೂಡುವುದು ನಮ್ಮ ಮನೆಯ ರೂಢಿ. ಅದೇ ಹೊತ್ತಿಗೆ ಶಾಲೆಯ ಗಡಿಬಿಡಿ. ಹಿರಿಯಳಿಗೆ ಐದು ನಿಮಿಷದಲ್ಲಿ ಹೆರಳು ಹಾಕಿ ಮುಗಿಸುತ್ತಿದ್ದೆವು. ಕಿರಿಯಳನ್ನು ಮೊಣಕಾಲುಗಳ ನಡುವೆ ಹಿಡಿದು ಕೂರಿಸಿ, ಒಣಗಿದ ಕೂದಲಿನಲ್ಲಿ ಸಣ್ಣ ಹಲ್ಲಿನ ಹಣಿಗೆಯನ್ನು ಬುಡದಿಂದ ಎಳೆಯುತ್ತಿದ್ದೆವು. ಆಕೆ ಅಳುವಳು, ನಾವು ಗದರುವೆವು. ಮನೆಗೆ ಬಂದವರೆದುರು, "ಇಕಿ ಕೂದಲ ಅಂದರ ಕಾಡು ನೋಡ್ರಿ" ಎಂದು ನಗುತ್ತಲೂ ಇದ್ದೆವು.

ಒಂದು ಸೋಮವಾರ ಆಕೆ ಅಳಲಿಲ್ಲ. ಹಣಿಗೆಯಲ್ಲಿ ಕಿತ್ತುಬಂದ ಕೂದಲಿನ ಉಂಡೆಯನ್ನು ಕೈಯಲ್ಲಿ ಹಿಡಿದು ಕೇಳಿದಳು: "ಆಯಿ, ನನ್ನ ಕೂದಲ ಯಾಕ ಕೆಟ್ಟ ಅದಾವ? ಅಕ್ಕನವು ಚಲೋ ಅದಾವಲ್ಲ?"

ನಮಗೆ ಉತ್ತರ ಹೊಳೆಯಲಿಲ್ಲ. ಎಂಟು ವರ್ಷದ ಕೂಸಿನ ಮನಸ್ಸಿನಲ್ಲಿ ತನ್ನ ಮೈಯ ಒಂದು ಭಾಗ ಕೆಟ್ಟದ್ದೆಂಬ ಭಾವನೆಯನ್ನು ಬಿತ್ತಿದವರು ಹೊರಗಿನವರಲ್ಲ, ನಾವೇ. ಅಂದಿನಿಂದ ಈ ವಿಷಯವನ್ನು ಓದಿ, ತಿಳಿದವರನ್ನು ಕೇಳಿ, ಕೈಯಾರೆ ಮಾಡಿ ನೋಡಿ ಅರಿತುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಗುಂಗುರು ಕೂದಲು ಒಣಗುವುದೇಕೆ?

ಕೂದಲಿನ ಬುಡದಲ್ಲಿ ಸಣ್ಣ ಗ್ರಂಥಿಗಳಿದ್ದು, ಅವುಗಳಿಂದ ಸಹಜವಾದ ಜಿಡ್ಡು ಒಸರುತ್ತದೆ. ನೇರ ಕೂದಲಿನಲ್ಲಿ ಈ ಜಿಡ್ಡು ಬುಡದಿಂದ ತುದಿಯವರೆಗೆ ಸರಾಗವಾಗಿ ಇಳಿಯುತ್ತದೆ. ಗುಂಗುರು ಕೂದಲಿನಲ್ಲಿ ತಿರುವು ತಿರುವಿಗೂ ಅದಕ್ಕೆ ತಡೆಯುಂಟು. ಆದುದರಿಂದ ನೆತ್ತಿ ಜಿಡ್ಡಾಗಿದ್ದರೂ ತುದಿಗಳು ಒಣಗಿದ ಹುಲ್ಲಿನಂತಿರುತ್ತವೆ.

ಇನ್ನೊಂದು ಕಾರಣವೂ ಇದೆ. ಕೂದಲನ್ನು ಅಡ್ಡಕ್ಕೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೇರ ಕೂದಲು ಹೆಚ್ಚು ದುಂಡಗೆ, ಗುಂಗುರು ಕೂದಲು ಚಪ್ಪಟೆಯಾದ ಅಂಡಾಕಾರದಲ್ಲಿ ಕಾಣುತ್ತದೆ. ಕೂದಲಿನ ಹೊರಮೈಯಲ್ಲಿ ಮನೆಯ ಮಾಡಿಗೆ ಹೊದಿಸಿದ ಹಂಚುಗಳಂತೆ ಒಂದರ ಮೇಲೊಂದು ಕುಳಿತ ತೆಳುವಾದ ಪದರಗಳಿವೆ. ತಿರುವುಗಳಲ್ಲಿ ಈ ಪದರಗಳು ಬೇಗ ಎದ್ದು ಸವೆಯುತ್ತವೆ. ಒಂದೆಳೆಯ ಪದರ ಮತ್ತೊಂದೆಳೆಗೆ ಸಿಕ್ಕಿಕೊಂಡಾಗಲೇ ಗಂಟು ಬೀಳುವುದು. ಅಲ್ಲಿ ಹಣಿಗೆ ಎಳೆದರೆ ಕೂದಲು ತಿರುವಿನಲ್ಲಿಯೇ ಮುರಿಯುತ್ತದೆ.

ನೆತ್ತಿಯಿಂದ ಹೊರಬಂದ ಕೂದಲಿಗೆ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಶಕ್ತಿಯಿಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾದರೆ 60 ಸೆಂಟಿಮೀಟರ್ ಉದ್ದದ ಕೂದಲಿನ ತುದಿಗೆ 5 ವರ್ಷ ವಯಸ್ಸಾಯಿತು. ವಾರಕ್ಕೊಮ್ಮೆ ತೊಳೆದಿದ್ದರೆ ಆ ತುದಿ 250ಕ್ಕೂ ಹೆಚ್ಚು ಸಲ ನೆನೆದು, ಉಬ್ಬಿ, ಮತ್ತೆ ಒಣಗಿದೆ. 5 ವರ್ಷ ಒಗೆದ ಸೀರೆಯನ್ನು ನಾವು ಎಷ್ಟು ಜೋಪಾನವಾಗಿ ಹಿಂಡುತ್ತೇವೆ! ಕೂದಲಿನ ತುದಿಗೂ ಅಷ್ಟೇ ಜೋಪಾನ ಬೇಕು.

ಎಣ್ಣೆಯ ಕೆಲಸವೇನು?

ಎಣ್ಣೆ ಕೂದಲಿಗೆ ತೇವ ಕೊಡುತ್ತದೆ ಎಂಬುದು ಬಹುಜನರ ತಿಳಿವಳಿಕೆ. ಅದು ಪೂರ್ತಿ ಸರಿಯಲ್ಲ. ತೇವ ಕೊಡುವುದು ನೀರು. ಎಣ್ಣೆಯ ಕೆಲಸ ಎರಡು. ತೊಳೆಯುವ ಮೊದಲು ಹಚ್ಚಿದ ಎಣ್ಣೆ, ನೀರು ಮಿತಿಮೀರಿ ಒಳಹೊಕ್ಕು ಕೂದಲು ಉಬ್ಬದಂತೆ ತಡೆಯುತ್ತದೆ. ಎಳೆಗಳು ಒಂದಕ್ಕೊಂದು ಉಜ್ಜದೆ ಜಾರುವಂತೆ ಮಾಡುತ್ತದೆ. ತೊಳೆದ ಮೇಲೆ ಹಚ್ಚಿದ ಎರಡು ಹನಿ ಎಣ್ಣೆ, ಇರುವ ತೇವ ಬೇಗ ಆರಿಹೋಗದಂತೆ ಕಾಯುತ್ತದೆ. ಒಣಗಿದ ಕೂದಲಿಗೆ ಮೇಲಿಂದ ಮೇಲೆ ಎಣ್ಣೆ ಬಳಿದರೆ ಕೂದಲು ಜಿಡ್ಡಾಗುವುದೇ ಹೊರತು ಮೆದುವಾಗದು.

ಎಲ್ಲ ಎಣ್ಣೆಗಳ ಗುಣವೂ ಒಂದೇ ಅಲ್ಲ. 2003ರಲ್ಲಿ ಮುಂಬಯಿಯ ವಿಜ್ಞಾನಿಗಳು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಈ ಮೂರನ್ನೂ ಕೂದಲಿಗೆ ಹಚ್ಚಿ ಪರೀಕ್ಷಿಸಿದ ಫಲಿತಾಂಶವನ್ನು ಪ್ರಕಟಿಸಿದರು. ತೊಳೆಯುವಾಗ, ಬಾಚುವಾಗ ಕೂದಲಿನಿಂದ ಪ್ರೋಟೀನು ನಷ್ಟವಾಗುತ್ತದೆ. ಆ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅದರ ಸುಮಾರು ಅರ್ಧದಷ್ಟು ಭಾಗ ಲಾರಿಕ್ ಆಮ್ಲವೆಂಬ ಕೊಬ್ಬಿನಾಮ್ಲ. ಅದರ ಅಣು ಚಿಕ್ಕದು, ನೇರವಾದುದು. ಆದುದರಿಂದ ಕೂದಲಿನ ಒಳಗೆ ಇಳಿಯಬಲ್ಲದು. ಉಳಿದವು ಬಹುಮಟ್ಟಿಗೆ ಮೇಲೆಯೇ ನಿಲ್ಲುತ್ತವೆ. ಈ ಪರೀಕ್ಷೆ ನಡೆಸಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ವಿಜ್ಞಾನಿಗಳೆಂಬುದನ್ನೂ ಓದುಗರಿಗೆ ತಿಳಿಸುವುದು ನ್ಯಾಯ. ಆದರೂ ಅವರು ಕೊಟ್ಟ ಕಾರಣ ಯುಕ್ತವಾಗಿದೆ. ನಮ್ಮ ಅನುಭವವೂ ಅದಕ್ಕೆ ಹೊಂದುತ್ತದೆ.

ಎಣ್ಣೆ ಹಚ್ಚಿದರೆ ಹೊಸ ಕೂದಲು ಹುಟ್ಟುತ್ತದೆ, ಬೋಳಾದಲ್ಲಿ ಚಿಗುರುತ್ತದೆ ಎಂಬ ಜಾಹೀರಾತುಗಳನ್ನು ನಂಬಿ ದುಡ್ಡು ಸುರಿಯಬೇಡಿರಿ. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಇದ್ದ ಕೂದಲು ಮುರಿಯದೆ ಉಳಿದರೆ ತಾನಾಗಿಯೇ ಉದ್ದವಾಗಿ ಕಾಣುತ್ತದೆ.

ಯಾವ ಎಣ್ಣೆ ಉತ್ತಮ?

ತೊಳೆಯುವ ಮೊದಲು ಹಚ್ಚಲು ಕೊಬ್ಬರಿ ಎಣ್ಣೆಗೆ ಮೊದಲ ಸ್ಥಾನ. ಸುಮಾರು 24 ಡಿಗ್ರಿಗಿಂತ ಚಳಿ ಹೆಚ್ಚಾದರೆ ಅದು ಹೆಪ್ಪುಗಟ್ಟುತ್ತದೆ. ಬೆಳಗಾವಿ, ಧಾರವಾಡದ ಕಡೆಯ ಚಳಿಗಾಲದಲ್ಲಿ ಇದು ದಿನನಿತ್ಯದ ನೋಟ. ಹೆಪ್ಪುಗಟ್ಟಿದ್ದರಿಂದ ಎಣ್ಣೆ ಕೆಡಲಿಲ್ಲ. ಬಟ್ಟಲನ್ನು ಬಿಸಿನೀರಿನಲ್ಲಿಟ್ಟರೆ ಕರಗುತ್ತದೆ. ನೇರವಾಗಿ ಒಲೆಯ ಮೇಲಿಡಬೇಡಿರಿ. ಎಣ್ಣೆ ಹಚ್ಚಿದ ಬಿಚ್ಚುಗೂದಲಿನಲ್ಲಿ ಒಲೆಯ ಹತ್ತಿರ ಸುಳಿಯಲೂಬಾರದು.

ಎಳ್ಳೆಣ್ಣೆ ಅಭ್ಯಂಜನಕ್ಕೆ ಹಿಂದಿನಿಂದ ಬಂದದ್ದು. ನೆತ್ತಿಗೆ ತಿಕ್ಕಲು ಹಿತವಾದುದು. ಕೂದಲಿನ ಉದ್ದಕ್ಕೂ ಒಳ್ಳೆಯ ಜಾರಿಕೆ ಕೊಡುತ್ತದೆ. ಕೊಬ್ಬರಿ ಎಣ್ಣೆಯಿಂದ ಕೂದಲು ಬಿರುಸಾಗುತ್ತದೆ ಎನ್ನುವವರು ಇದನ್ನು ಬಳಸಿ ನೋಡಬಹುದು.

ಬಿಜಾಪುರ, ಗದಗ, ಕಲಬುರ್ಗಿಯ ಕಡೆ ಕುಸುಬಿ ಎಣ್ಣೆ ಮನೆಮನೆಯಲ್ಲಿ ಬಳಕೆಯಲ್ಲಿದ್ದುದು. ಅದು ಹಗುರ, ಅಂಟು ಕಡಿಮೆ. ತೊಳೆದ ಮೇಲೆ ತುದಿಗೆ ಹನಿ ಹಚ್ಚಲು ಒಳ್ಳೆಯದು. ಆದರೆ ಬೇಗ ಕಮಟು ಹಿಡಿಯುತ್ತದೆ. ಗಾಣದಿಂದ ಆಗಾಗ ಸ್ವಲ್ಪಸ್ವಲ್ಪವೇ ತಂದು, ಬೆಳಕು ತಾಕದಂತೆ ಇಡಬೇಕು. ಗಾಣವನ್ನೇ ಕಾಯಕವಾಗಿಸಿಕೊಂಡ ಗಾಣದ ಕಣ್ಣಪ್ಪನಂಥ ಶರಣರು ನಮ್ಮಲ್ಲಿ ಆಗಿಹೋದರು. ಊರಿನಲ್ಲಿ ಇಂದಿಗೂ ಗಾಣವಿದ್ದರೆ ಅಲ್ಲಿಂದಲೇ ಕೊಳ್ಳುವುದು ಎರಡೂ ಕಡೆಗೆ ಲೇಸು.

ಔಡಲ ಎಣ್ಣೆಯ ಬಗೆಗೆ ಎಚ್ಚರ ಬೇಕು. ಅದು ತುಂಬ ಮಂದ, ತುಂಬ ಅಂಟು. ಉದ್ದ ಕೂದಲಿಗೆ ಧಾರಾಳವಾಗಿ ಸುರಿದು ತಿಕ್ಕಿ ತೊಳೆದರೆ ಇಡೀ ಕೂದಲು ಗಂಟುಗಟ್ಟುವ ಅಪಾಯವುಂಟು. ಔಡಲ ಎಣ್ಣೆಯನ್ನು ಕೊಬ್ಬರಿ ಎಣ್ಣೆಯೊಡನೆ ಹಚ್ಚಿ ತೊಳೆದುಕೊಂಡ ಯುವತಿಯೊಬ್ಬಳ ಕೂದಲು ಹಕ್ಕಿಯ ಗೂಡಿನಂತೆ ಹೆಣೆದುಕೊಂಡು, ಬಿಡಿಸಲಾಗದೆ ಕತ್ತರಿಸಬೇಕಾದ ಪ್ರಸಂಗವನ್ನು 2017ರಲ್ಲಿ ನಮ್ಮ ದೇಶದ ವೈದ್ಯರು ವರದಿ ಮಾಡಿದ್ದಾರೆ. ಇಂಥದು ಬಲು ಅಪರೂಪ. ಆದರೂ ಬೇಕೆನ್ನುವವರು ನಾಲ್ಕು ಚಮಚ ಕೊಬ್ಬರಿ ಎಣ್ಣೆಗೆ ಅರ್ಧ ಚಮಚಕ್ಕಿಂತ ಹೆಚ್ಚು ಬೆರೆಸದಿರುವುದು ಮೇಲು.

ಅಂಗಡಿಯಲ್ಲಿ ಸಿಗುವ ಸುಗಂಧದ ಎಣ್ಣೆಗಳ ಶೀಶೆಯ ಮೇಲೆ ಬರೆದುದನ್ನು ಓದಿ ನೋಡಿರಿ. ಹಲವುಗಳಲ್ಲಿ ದೊಡ್ಡ ಪಾಲು ಲಿಕ್ವಿಡ್ ಪ್ಯಾರಾಫಿನ್ ಎಂಬ ಖನಿಜ ಎಣ್ಣೆಯಿರುತ್ತದೆ. ಅದು ವಿಷವೇನೂ ಅಲ್ಲ. ಮೇಲೆ ನಿಂತು ಹೊಳಪು ಕೊಡುತ್ತದೆ, ಅಷ್ಟೇ. ಬಾದಾಮಿಯ ಚಿತ್ರ ನೋಡಿ ಬಾದಾಮಿಯ ಬೆಲೆ ತೆರಬೇಡಿರಿ.

ಮಾಡುವ ಕ್ರಮ

ಸೋಮವಾರ ಬೆಳಿಗ್ಗೆ ತಲೆಸ್ನಾನವಾದರೆ ಕೆಲಸ ಆದಿತ್ಯವಾರ ಸಂಜೆಯೇ ಆರಂಭವಾಗಬೇಕು. ಮಗುವನ್ನು ಬೆಳಕಿನಲ್ಲಿ ಕೂರಿಸಿ ಕೂದಲನ್ನು ನಾಲ್ಕು ಪಾಲು ಮಾಡಿರಿ. ಭುಜದವರೆಗಿನ ಕೂದಲಿಗೆ ಒಂದು ಚಹಾ ಚಮಚ, ಸೊಂಟದವರೆಗಿದ್ದರೆ ಎರಡು-ಮೂರು ಚಮಚ ಎಣ್ಣೆ ಸಾಕು. ನಾವು ಸಾಮಾನ್ಯವಾಗಿ ನೆತ್ತಿಗೆ ಸುರಿದು ತುದಿಯನ್ನು ಮರೆಯುತ್ತೇವೆ. ಗುಂಗುರು ಕೂದಲಿಗೆ ಇದು ತಿರುಗಾಮುರುಗಾ ಆಗಬೇಕು. ಮೊದಲು ತುದಿ, ಆಮೇಲೆ ನಡು, ಕೊನೆಗೆ ಬೆರಳಿಗಂಟಿದ ಎಣ್ಣೆಯಷ್ಟೇ ನೆತ್ತಿಗೆ.

ಎಣ್ಣೆ ಹಚ್ಚುತ್ತಲೇ ಬೆರಳುಗಳಿಂದ ಸಿಕ್ಕು ಬಿಡಿಸಬೇಕು. ಗಂಟು ಸಿಕ್ಕಲ್ಲಿ ಅದರ ಮೇಲ್ಭಾಗವನ್ನು ಒಂದು ಕೈಯಲ್ಲಿ ಹಿಡಿದುಕೊಂಡರೆ ಎಳೆತ ನೆತ್ತಿಗೆ ತಾಗದು, ಮಗು ಅಳುವುದಿಲ್ಲ. ಬಿಡಿಸಿದ ಪ್ರತಿ ಪಾಲನ್ನೂ ಸಡಿಲವಾಗಿ ಹೆಣೆದು ಬಿಡಬೇಕು. ಹೊತ್ತಿಲ್ಲದವರು ತೊಳೆಯುವುದಕ್ಕೆ ಒಂದೆರಡು ಗಂಟೆ ಮೊದಲು ಹಚ್ಚಿದರೂ ನಡೆಯುತ್ತದೆ. ಎರಡು-ಮೂರು ದಿನ ಎಣ್ಣೆ ಬಿಟ್ಟರೆ ಹೆಚ್ಚು ಲಾಭವೆಂಬುದು ತಪ್ಪು. ಧೂಳು ಮಾತ್ರ ಕೂಡುತ್ತದೆ.

ಬೆಳಿಗ್ಗೆ ಹಂಡೆಯ ಕುದಿನೀರು ಬೇಡ. ಕೈಗೆ ಹಿತವಾದ ಉಗುರುಬೆಚ್ಚಗಿನ ನೀರಿರಲಿ. ಶೀಗೆಕಾಯಿ ಬಳಸುವವರು ಪುಡಿಯನ್ನು ಹಾಗೆಯೇ ತಿಕ್ಕಬಾರದು. ಅದರ ಚೂರುಗಳು ಗುಂಗುರಿನಲ್ಲಿ ಸಿಕ್ಕಿಕೊಂಡರೆ ಮೂರು ದಿನವಾದರೂ ಉದುರುತ್ತಿರುತ್ತವೆ. ಕಾಯಿಗಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಬಟ್ಟೆಯಲ್ಲಿ ಸೋಸಿ ಆ ನೀರನ್ನು ಬಳಸಬೇಕು. ಅಂಟುವಾಳಕ್ಕೂ ಇದೇ ಕ್ರಮ. ಇವೆರಡರಲ್ಲಿಯೂ ಸಪೋನಿನ್ ಎಂಬ ನೊರೆಗೊಡುವ ಅಂಶವಿದ್ದು ಅದು ಜಿಡ್ಡನ್ನು ಎತ್ತುತ್ತದೆ. ಕಣ್ಣಿಗೆ ತಾಗಿದರೆ ಬಲು ಉರಿ. ಮಗುವಿನ ತಲೆಯನ್ನು ಹಿಂದಕ್ಕೆ ಬಾಗಿಸಿಯೇ ಎರೆಯಬೇಕು.

ಶಾಂಪೂ ಬಳಸುವವರು ಅದನ್ನು ಒಂದು ತಂಬಿಗೆ ನೀರಿನಲ್ಲಿ ಕಲಸಿ ನೆತ್ತಿಗೆ ಮಾತ್ರ ಹಾಕಿ ಬೆರಳ ತುದಿಯಿಂದ ತಿಕ್ಕಲಿ. ಕೆಳಗಿಳಿಯುವ ನೊರೆಯೇ ಉಳಿದ ಕೂದಲಿಗೆ ಸಾಕು. ಬಟ್ಟೆ ಒಗೆಯುವಂತೆ ಕೂದಲನ್ನು ತಲೆಯ ಮೇಲೆ ಗುಡ್ಡೆಹಾಕಿ ಉಜ್ಜುವುದೇ ಸಿಕ್ಕಿಗೆ ಮೂಲ. ಮೈಗೆ ಹಚ್ಚುವ ಸಾಬೂನನ್ನು ತಲೆಗೆ ಹಚ್ಚಲೇಬೇಡಿರಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸಾಬೂನು ಸುಣ್ಣದ ಅಂಶದೊಡನೆ ಕೂಡಿ ಬಿಳಿಯ ಕಿಟ್ಟವಾಗಿ ಕೂದಲಿಗೆ ಕಚ್ಚುತ್ತದೆ.

ತೊಳೆದಾದ ಮೇಲೆ ದಾಸವಾಳದ ಎಲೆಯನ್ನು ಕಿವುಚಿ ಸೋಸಿದ ಲೋಳೆಯನ್ನಾಗಲಿ, ಅಂಗಡಿಯ ಕಂಡಿಷನರನ್ನಾಗಲಿ ತುದಿಗಳಿಗೆ ಸವರಿರಿ. ಅದರ ಜಾರಿಕೆ ಇರುವಾಗಲೇ ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಆರಂಭಿಸಿ ಮೇಲಕ್ಕೆ ಬಾಚಿ ನೀರು ಹೊಯ್ಯಿರಿ. ನೇರ ಕೂದಲನ್ನು ಸ್ವಲ್ಪ ಆರಿದ ಮೇಲೆ ಬಾಚುವುದು ಸರಿ. ಗುಂಗುರು ಕೂದಲನ್ನು ಮಾತ್ರ ಒದ್ದೆಯಲ್ಲಿಯೇ, ಜಾರಿಕೆಯಿರುವಾಗಲೇ ಬಾಚಬೇಕು. ಒಣಗಿದ ಮೇಲೆ ಹಣಿಗೆಯನ್ನು ಮುಟ್ಟಬಾರದು. ನಾವು ವರ್ಷಗಟ್ಟಲೆ ಮಾಡಿದ ತಪ್ಪು ಇದೇ.

ಬಿರುಸಾದ ಟವೆಲ್ಲಿನಿಂದ ಬಡಿದು ಒರೆಸದೆ, ಹಳೆಯ ನೂಲಿನ ಸೀರೆಯ ತುಂಡಿನಿಂದ ಕೂದಲನ್ನು ಒತ್ತಿ ನೀರು ತೆಗೆಯಿರಿ. ಕೂದಲು ಇನ್ನೂ ಹಸಿಯಾಗಿರುವಾಗಲೇ ಎರಡು ಹನಿ, ಹೆಚ್ಚೆಂದರೆ ಮೂರು ಹನಿ ಎಣ್ಣೆಯನ್ನು ಅಂಗೈಯಲ್ಲಿ ತಿಕ್ಕಿ ತುದಿಗಳಿಗೆ ಸವರಿದರೆ ಕೆಲಸ ಮುಗಿಯಿತು. ಒದ್ದೆ ಕೂದಲನ್ನು ಬಿಗಿದು ಕಟ್ಟಬೇಡಿರಿ. ಶಾಲೆಗೆ ಹೆರಳು ಬೇಕೇ ಬೇಕೆಂದರೆ ಸಡಿಲವಾಗಿರಲಿ. ದಿನವೂ ರಿಬ್ಬನ್ನಿನಿಂದ ಬಿಗಿದು ಎಳೆದು ಕಟ್ಟಿದರೆ ಹಣೆಯ ಅಂಚಿನ ಕೂದಲು ಉದುರಿ ಹಿಂದೆ ಸರಿಯುತ್ತದೆ.

ಒಂದು ಮಾತು ಮರೆಯಬಾರದು. ಎಣ್ಣೆಯ ತಲೆ ತೊಳೆದ ಬಚ್ಚಲುಮನೆಯ ಕಲ್ಲು ಜಾರುತ್ತದೆ. ಕೂಡಲೇ ತೊಳೆದು ಬಿಡಿರಿ, ಮನೆಯಲ್ಲಿ ಹಿರಿಯರಿರುತ್ತಾರೆ.

ಯಾರು ಎಚ್ಚರ ವಹಿಸಬೇಕು?

ತಲೆಯಲ್ಲಿ ಹೊಟ್ಟು ಇದ್ದರೆ ಎಣ್ಣೆ ಹಚ್ಚಿ ಗುಣಪಡಿಸುತ್ತೇವೆಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಹೊಟ್ಟಿನ ಹಿಂದೆ ಮಲಸೇಝಿಯ ಎಂಬ ಸೂಕ್ಷ್ಮ ಶಿಲೀಂಧ್ರದ ಕೈವಾಡವಿದೆ. ನೆತ್ತಿಯ ಜಿಡ್ಡೇ ಅದರ ಆಹಾರ. ಅಲ್ಲಿಗೆ ಎಣ್ಣೆ ಹಾಕುವುದೆಂದರೆ ಅದಕ್ಕೆ ಊಟ ಬಡಿಸಿದಂತೆ. ಅಂಥವರು ನೆತ್ತಿಯನ್ನು ಬಿಟ್ಟು ತುದಿಗೆ ಮಾತ್ರ ಎಣ್ಣೆ ಹಚ್ಚಿಕೊಂಡು, ಹೊಟ್ಟಿಗೆ ವೈದ್ಯರು ಹೇಳಿದ ಶಾಂಪೂ ಬಳಸಲಿ. ನೆತ್ತಿಯಲ್ಲಿ ಹುಣ್ಣು, ಕೀವು, ತುರಿಕೆಯಿದ್ದವರೂ ಮೊದಲು ವೈದ್ಯರಿಗೆ ತೋರಿಸಬೇಕು. ಹರೆಯದ ಮಕ್ಕಳಿಗೆ ಹಣೆಯ ಮೇಲೆ ಮೊಡವೆ ಹೆಚ್ಚಾದರೆ, ತಲೆಯ ಎಣ್ಣೆ ಅಲ್ಲಿಗೆ ಇಳಿಯುತ್ತಿದೆಯೇ ಎಂದು ನೋಡಿರಿ.

ನೇರ ಮಾಡಿಸುವ ಮೋಹ

ಹೆಣ್ಣು ನೋಡಲು ಬರುವವರಿದ್ದಾರೆಂದು ಗುಂಗುರು ಕೂದಲನ್ನು ಪಾರ್ಲರಿನಲ್ಲಿ ಮದ್ದು ಹಚ್ಚಿಸಿ ನೇರ ಮಾಡಿಸುವುದು ಈಚೆಗೆ ನಮ್ಮ ಮನೆಗಳಲ್ಲಿಯೂ ಕಾಣುತ್ತಿದೆ. ಅಂಥ ಕೆಲವು ಮದ್ದುಗಳನ್ನು ಕಾಯಿಸಿದಾಗ ಕ್ಯಾನ್ಸರ್‌ಕಾರಕವೆಂದು ಗುರುತಿಸಲಾದ ಫಾರ್ಮಾಲ್ಡಿಹೈಡ್ ಎಂಬ ಅನಿಲ ಹೊರಬೀಳುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ಒಂದು ವರದಿ ಪ್ರಕಟಿಸಿದರು. ಕೂದಲು ನೇರ ಮಾಡುವ ಮದ್ದನ್ನು ಎಂದೂ ಬಳಸದವರಲ್ಲಿ 70ನೆಯ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇಕಡಾ 1.64, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಶೇಕಡಾ 4.05 ಎಂಬುದು ಅವರ ಅಂದಾಜು. ಮದ್ದೇ ಕಾರಣವೆಂದು ಇದರಿಂದ ಸಿದ್ಧವಾಗಲಿಲ್ಲ. ಒಂದು ಸಲ ಮಾಡಿಸಿದವರು ಹೆದರಬೇಕಾಗಿಯೂ ಇಲ್ಲ. ಆದರೆ ಮೂರು ತಿಂಗಳಿಗೊಮ್ಮೆ ಬೇರಿನಿಂದ ಬರುವ ಗುಂಗುರನ್ನು ಅಡಗಿಸುತ್ತ ಹೋಗುವ ಮುನ್ನ ಯೋಚಿಸುವುದು ವಿವೇಕ. ಮದ್ದು ಕೂದಲನ್ನು ನೇರ ಮಾಡೀತು. ಬೆಳೆದುಬರುವ ಕೂದಲು ಮತ್ತೆ ಗುಂಗುರಾಗಿಯೇ ಬರುತ್ತದೆ. ಮದುವೆಯ ದಿನಕ್ಕಷ್ಟೇ ನೇರವಾದ ಕೂದಲಿನಿಂದ ಸಂಸಾರ ನಡೆಯುವುದೇ?

ಕೊನೆಯ ಮಾತು

ನಮ್ಮ ಮೊಮ್ಮಗಳಿಗೆ ಈ ಕೂದಲು ಎಲ್ಲಿಂದ ಬಂತೆಂದು ನಾವು ಅಚ್ಚರಿಪಡುತ್ತಿದ್ದೆವು. ಒಂದು ಆದಿತ್ಯವಾರ ಸಂಜೆ ಎಣ್ಣೆ ಹಚ್ಚಿ ಬೆರಳಾಡಿಸುತ್ತಿರುವಾಗ ನಮ್ಮ ತಾಯಿಯ ನೆನಪು ಬಂದಿತು. ಅವರು ಹಗಲೆಲ್ಲ ತಲೆಯ ಮೇಲೆ ಸೆರಗು ಹೊದ್ದು, ತುರುಬನ್ನು ಬಿಗಿದು ಕಟ್ಟಿರುತ್ತಿದ್ದರು. ವಾರಕ್ಕೊಂದು ರಾತ್ರಿ ಮಾತ್ರ ಕಂದೀಲಿನ ಬೆಳಕಿನಲ್ಲಿ ಕುಳಿತು, ತುರುಬು ಬಿಚ್ಚಿ, ಎಣ್ಣೆಗೈಯಿಂದ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತಿದ್ದರು. ಅವರ ಕೂದಲೂ ಹೀಗೆಯೇ ಸುರುಳಿ ಸುರುಳಿಯಾಗಿತ್ತು. ಸೆರಗಿನ ಮರೆಯಲ್ಲಿದ್ದುದನ್ನು ನಾವು ಮರೆತೇ ಬಿಟ್ಟಿದ್ದೆವು. ಅವರ ಕೈಯ ತಾಳ್ಮೆಯನ್ನೂ ಮರೆತಿದ್ದೆವು.

"ಇವು ನಮ್ಮವ್ವನ ಕೂದಲ. ನಿನಗ ಬಿಟ್ಟು ಹೋಗ್ಯಾಳ" ಎಂದು ಮಗುವಿಗೆ ಹೇಳಿದೆವು. ಆಕೆ ಏನೂ ಹೇಳದೆ ಒಂದು ಸುರುಳಿಯನ್ನು ಬೆರಳಿಗೆ ಸುತ್ತಿಕೊಂಡು ನೋಡುತ್ತ ಕುಳಿತಳು. ಈಗ ಸೋಮವಾರ ನಮ್ಮ ಮನೆಯಲ್ಲಿ ಅಳು ಕೇಳುವುದಿಲ್ಲ. ಆದಿತ್ಯವಾರ ಸಂಜೆ ಎಣ್ಣೆಯ ಬಟ್ಟಲನ್ನು ಆಕೆಯೇ ತರುತ್ತಾಳೆ.

ಸಹೋದರಿಯರೆ, ನಿಮ್ಮ ಮನೆಯಲ್ಲಿಯೂ ಗುಂಗುರು ಕೂದಲಿನ ಮಗುವಿದ್ದರೆ ಒಂದು ತಿಂಗಳು ಈ ಕ್ರಮವನ್ನು ಅನುಸರಿಸಿ ನೋಡಿರಿ. ಬಟ್ಟಲೆಣ್ಣೆಗಿಂತ ಬಿಡುವಿನ ಒಂದು ಗಂಟೆ ಹೆಚ್ಚು ಬೇಕಾಗುತ್ತದೆ. ಮಗುವಿನ ಕಿವಿಗೆ ಬೀಳುವಂತೆ ಅದರ ಕೂದಲನ್ನು ಹಳಿಯುವ ಮಾತನ್ನು ಮಾತ್ರ ಇಂದೇ ನಿಲ್ಲಿಸಿಬಿಡಿರಿ. ಅದಕ್ಕೆ ಎಣ್ಣೆಯ ಖರ್ಚೂ ಇಲ್ಲ.